ಮದುವೆ ಮೊದಲೋ, ಗ್ರೀನ್ ಕಾರ್ಡ್ ಮೊದಲೋ?

ನ್ಯೂಜೆರ್ಸಿಯ ಒಂದು ಸಣ್ಣ ವಲಸೆ ಕಾನೂನು ಕಚೇರಿಯಲ್ಲಿ ನಾನು ವಕೀಲರ ಸಹಾಯಕಿ. ಅರ್ಜಿ ತುಂಬುವುದು, ದಾಖಲೆ ಜೋಡಿಸುವುದು, ಕಕ್ಷಿದಾರರ ಫೋನಿಗೆ ಉತ್ತರಿಸುವುದು ನನ್ನ ಕೆಲಸ. ಕಚೇರಿಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಊರಿನಿಂದ ಬರುವ ಕರೆಗಳೆಲ್ಲ ನನಗೇ ಸಿಗುತ್ತವೆ. ಮಗನಿಗೆ ಗ್ರೀನ್ ಕಾರ್ಡ್ ಇದೆ, ಸೊಸೆ ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಇದ್ದಾಳೆ, ಅವಳು ಯಾವಾಗ ಹೊರಡಬಹುದು ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆಗೆ ತಿಂಗಳುಗಳ ಲೆಕ್ಕದಲ್ಲಿ ಉತ್ತರ ಕೊಡಬಾರದು, ಮೊದಲು ಎರಡು ದಿನಾಂಕಗಳನ್ನು ಕೇಳಬೇಕು ಎಂಬುದು ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ: ಮದುವೆಯಾದದ್ದು ಯಾವತ್ತು, ಗ್ರೀನ್ ಕಾರ್ಡ್ ಮಂಜೂರಾದದ್ದು ಯಾವತ್ತು?

ಮದುವೆಯ ಆಧಾರದ ಮೇಲೆ ಅಮೆರಿಕದಲ್ಲಿ ಕಾಯಂ ವಾಸದ ಹಕ್ಕು ಕೇಳುವವರೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದಾರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಅಮೆರಿಕದ ಪ್ರಜೆಯನ್ನು ಮದುವೆಯಾದವರಿಗೆ ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿಯೇ ಇಲ್ಲ. ಅವರು ಕಾಯುವುದು ಕಡತ ಪರಿಶೀಲನೆಗೆ ಮತ್ತು ಸಂದರ್ಶನಕ್ಕೆ ಮಾತ್ರ. ಗ್ರೀನ್ ಕಾರ್ಡ್ ಇರುವವರ ಪತಿ ಅಥವಾ ಪತ್ನಿ ಎಫ್2ಎ ಎಂಬ ಬೇರೆ ವರ್ಗಕ್ಕೆ ಸೇರುತ್ತಾರೆ, ಅದಕ್ಕೆ ಮಿತಿ ಇದೆ. ಗ್ರೀನ್ ಕಾರ್ಡ್ ಹೊಂದಿದವರ ಸಂಗಾತಿ ಮತ್ತು ಅವಿವಾಹಿತ ಮಕ್ಕಳಿಗೆಂದು 1990ರ ಕಾಯ್ದೆ ವರ್ಷಕ್ಕೆ 1,14,200 ವೀಸಾ ಎತ್ತಿಟ್ಟಿದೆ. ಅದರಲ್ಲಿ ಶೇ 77ರಷ್ಟು, ಎಂದರೆ ಸುಮಾರು 88 ಸಾವಿರ, ಸಂಗಾತಿ ಮತ್ತು ಚಿಕ್ಕ ಮಕ್ಕಳಿಗೆ. ಇಡೀ ಜಗತ್ತಿಗೆ ಅಷ್ಟೇ. ಬೇಡಿಕೆ ಕಡಿಮೆ ಇದ್ದಾಗ ಸಾಲು ಕರಗುತ್ತದೆ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಈ ವರ್ಗದಲ್ಲಿ ಸರತಿಯೇ ಇರಲಿಲ್ಲ. ಯಾವ ದಿನಾಂಕದವರೆಗಿನ ಅರ್ಜಿಗಳಿಗೆ ಸರತಿ ಬಂದಿದೆ ಎಂದು ತಿಳಿಸುವ ವಿದೇಶಾಂಗ ಇಲಾಖೆಯ ಮಾಸಿಕ ವೀಸಾ ಪ್ರಕಟಣೆ ಏಪ್ರಿಲ್‌ನಲ್ಲಿ ಆ ದಿನಾಂಕವನ್ನು ಹಿಂದಕ್ಕೆ ತಳ್ಳಿತು, ಅಲ್ಲಿಂದಾಚೆಗೆ ಕಾಯುವುದು ವರ್ಷಗಳ ಮಾತಾಯಿತು. ಆ ಮಾರ್ಚ್‌ನಲ್ಲಿ ವೀಸಾ ಪಡೆದ ದಂಪತಿಗೂ ಏಪ್ರಿಲ್‌ನಲ್ಲಿ ಅರ್ಜಿ ಹಾಕಿದ ದಂಪತಿಗೂ ಇದ್ದ ವ್ಯತ್ಯಾಸ ಕ್ಯಾಲೆಂಡರಿನದು ಮಾತ್ರ.

ಎರಡು ದಿನಾಂಕಗಳ ವಿಷಯಕ್ಕೆ ಬರುತ್ತೇನೆ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯುವ ಭಾರತೀಯರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯುವುದು ಈಗ ಮಾಮೂಲಿ. ಯಾವುದೇ ಒಂದು ದೇಶದವರಿಗೆ ಶೇ 7ಕ್ಕಿಂತ ಹೆಚ್ಚು ಕೊಡಬಾರದೆಂಬ ನಿಯಮ ಅದಕ್ಕೆ ಕಾರಣ. ಅಷ್ಟು ಕಾದವನ ಕಾರ್ಡು ಮಂಜೂರಾಗುವ ಮುನ್ನ ಮದುವೆಯಾಗಿದ್ದರೆ ಅವನ ಸರತಿ ದಿನಾಂಕವೇ, ಎಂದರೆ ಸಾಲಿನಲ್ಲಿ ಅವನ ಜಾಗವನ್ನು ಗೊತ್ತುಮಾಡುವ ದಿನಾಂಕವೇ, ಹೆಂಡತಿಗೂ ಸಲ್ಲುತ್ತದೆ. ಅವಳು ಅಮೆರಿಕದಲ್ಲೇ ಇದ್ದರೆ ಗ್ರೀನ್ ಕಾರ್ಡಿಗೆ ತನ್ನದೇ ಐ-485 ಅರ್ಜಿ ಹಾಕಬಹುದು, ಊರಿನಲ್ಲಿದ್ದರೆ ಗಂಡ ಐ-824 ಸಲ್ಲಿಸಿ ಅವಳನ್ನು ಹಿಂದಿನಿಂದ ಕರೆಸಿಕೊಳ್ಳಬಹುದು. ಹೊಸ ಸಾಲಿಲ್ಲ. ಮದುವೆ ಒಂದು ದಿನ ತಡವಾದರೂ ಈ ಹಕ್ಕು ಇಲ್ಲವಾಗುತ್ತದೆ. ಆಗ ಅವನು ಹೆಂಡತಿಗಾಗಿ ಐ-130 ಎಂಬ ಕುಟುಂಬದ ಅರ್ಜಿ ಹಾಕಿ ಎಫ್2ಎ ಸಾಲಿನ ತುದಿಯಲ್ಲಿ ನಿಲ್ಲಬೇಕು.

ನಮ್ಮಲ್ಲಿಗೆ ಬಂದ ಒಂದು ಕಡತದ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೈಸೂರಿನ ಕಡೆಯ ಎಂಜಿನಿಯರ್. ವೈಶಾಖದಲ್ಲಿ ನಿಶ್ಚಿತಾರ್ಥ. ಹುಡುಗಿಯ ಮನೆಯವರಿಗೆ ಜ್ಯೇಷ್ಠದಲ್ಲಿ ಛತ್ರ ಸಿಗಲಿಲ್ಲ, ಆಷಾಢದಲ್ಲಿ ಮದುವೆ ಮಾಡುವಂತಿಲ್ಲ, ಶ್ರಾವಣಕ್ಕೆ ಮುಹೂರ್ತ ಇಟ್ಟರು. ಇತ್ತ ಅವನ ಅರ್ಜಿ ಹಲವು ವರ್ಷಗಳಿಂದ ಮಲಗಿತ್ತು. ಅಮೆರಿಕ ಸರ್ಕಾರದ ಆರ್ಥಿಕ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಉಳಿದ ವೀಸಾ ಸಂಖ್ಯೆಗಳು ವ್ಯರ್ಥವಾಗಬಾರದೆಂದು ಕೊನೆಯ ತಿಂಗಳುಗಳಲ್ಲಿ ಮಂಜೂರಾತಿ ಚುರುಕಾಗುವುದುಂಟು. ಅವನ ಕಾರ್ಡು ಆಷಾಢದಲ್ಲೇ ಮಂಜೂರಾಯಿತು. ಮನೆಯವರು ಸಿಹಿ ಹಂಚಿದರು. ಮದುವೆ ಮುಗಿಸಿಕೊಂಡು ಬಂದ ಮೇಲೆ, ಹೆಂಡತಿಯನ್ನು ಕರೆಸಿಕೊಳ್ಳಲು ಏನೇನು ಕಾಗದ ಬೇಕೆಂದು ಕೇಳಲು ಅವನು ನಮ್ಮಲ್ಲಿಗೆ ಬಂದ. ಲಗ್ನಪತ್ರಿಕೆ, ಉಪನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರ, ಗ್ರೀನ್ ಕಾರ್ಡಿನ ಪ್ರತಿ ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ತಂದಿದ್ದ. ಕಾರ್ಡಿನಲ್ಲಿ ಕಾಯಂ ವಾಸಿಯಾದ ದಿನಾಂಕ ಒಂದು ಸಾಲಿನಲ್ಲಿ ಅಚ್ಚಾಗಿರುತ್ತದೆ. ವಕೀಲರು ಆ ಸಾಲಿನ ಮೇಲೊಮ್ಮೆ, ಪ್ರಮಾಣಪತ್ರದ ಮೇಲೊಮ್ಮೆ ಬೆರಳಿಟ್ಟು ನೋಡಿದರು. ನಡುವೆ ಐದು ವಾರವೂ ಇರಲಿಲ್ಲ.

ಅವನ ಕಂಪನಿಯ ಪರವಾಗಿ ಅರ್ಜಿ ಹಾಕಿದ ವಕೀಲರು, ಮದುವೆ ಗೊತ್ತಾಗಿದೆಯೇ ಎಂದು ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ಅರ್ಜಿ ನಮೂನೆಯಲ್ಲಿ ‘ಅವಿವಾಹಿತ’ ಎಂದಿತ್ತು, ಅದನ್ನು ಹಾಗೇ ಸಲ್ಲಿಸಿದ್ದರು. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲ. ಆದರೆ ಮದುವೆ ಹತ್ತಿರವಿದ್ದರೆ ಐ-485 ಹಾಕುವುದನ್ನು ಮದುವೆಯ ನಂತರಕ್ಕೆ ಮುಂದೂಡಬಹುದು, ಅಥವಾ ದೇವಸ್ಥಾನದಲ್ಲಿ ಸರಳವಾಗಿ ಮದುವೆಯಾಗಿ ನೋಂದಾಯಿಸಿ, ಛತ್ರದ ಸಂಭ್ರಮವನ್ನು ಆಮೇಲೆ ಇಟ್ಟುಕೊಳ್ಳಬಹುದು ಎಂದು ಯಾರಾದರೂ ಹೇಳಬೇಕಿತ್ತು. “ನೋಡಮ್ಮ, ಮೊದಲೇ ಗೊತ್ತಿದ್ದರೆ ಚಾಮುಂಡಿ ಬೆಟ್ಟದಲ್ಲಿ ತಾಳಿ ಕಟ್ಟಿಸಿಬಿಡುತ್ತಿದ್ದೆವು” ಎಂದು ಹುಡುಗನ ತಾಯಿ ಫೋನಿನಲ್ಲಿ ಅತ್ತರು. ಅವರಿಗೆ ಏನು ಸಮಾಧಾನ ಹೇಳಲಿ?

ನನ್ನನ್ನು ಇಂದಿಗೂ ಕಾಡುವ ಅನ್ಯಾಯ ಇನ್ನೊಂದಿದೆ. ಅದೇ ಹುಡುಗ ಎಚ್-1ಬಿ ವೀಸಾದಲ್ಲೇ ಇದ್ದಿದ್ದರೆ, ಮದುವೆಯಾದ ಕೂಡಲೇ ಹೆಂಡತಿಗೆ ಎಚ್-4 ವೀಸಾಕ್ಕೆ ಅರ್ಜಿ ಹಾಕಬಹುದಿತ್ತು, ಅದಕ್ಕೆ ವಾರ್ಷಿಕ ಮಿತಿ ಇಲ್ಲ. ತಾತ್ಕಾಲಿಕ ಕೆಲಸಗಾರ ಹೆಂಡತಿಯನ್ನು ಜೊತೆಗೆ ಕರೆತರಬಹುದು, ಕಾಯಂ ವಾಸಿಯಾದವನು ವರ್ಷಗಟ್ಟಲೆ ಕಾಯಬೇಕು. ಪ್ರವಾಸಿ ವೀಸಾದಲ್ಲಿ ಒಂದೆರಡು ತಿಂಗಳು ಬಂದು ಹೋಗೋಣವೆಂದರೆ, ವಲಸೆ ಅರ್ಜಿ ಬಾಕಿ ಇರುವವಳು ವಾಪಸ್ ಬರುತ್ತಾಳೆಂಬ ನಂಬಿಕೆ ಅಧಿಕಾರಿಗೆ ಹುಟ್ಟುವುದು ಕಷ್ಟ, ಬಹುತೇಕ ನಿರಾಕರಣೆಯೇ ಗತಿ. ಗಂಡನೇ ಊರಿಗೆ ಹೋಗಿ ಹೆಚ್ಚು ದಿನ ಇರೋಣವೆಂದರೆ ಅದಕ್ಕೂ ಬೆಲೆ ತೆರಬೇಕು. ಒಂದೇ ಪ್ರವಾಸ ಆರು ತಿಂಗಳು ದಾಟಿದರೆ ಪೌರತ್ವಕ್ಕೆ ಬೇಕಾದ ಐದು ವರ್ಷಗಳ ನಿರಂತರ ವಾಸಕ್ಕೆ ಭಂಗ ಬಂದಿತೆಂದು ಭಾವಿಸಲಾಗುತ್ತದೆ, ಬಂದಿಲ್ಲವೆಂದು ಅವನೇ ಸಾಬೀತು ಮಾಡಬೇಕು. ಅವನು ಪ್ರಜೆಯಾದ ದಿನ ಹೆಂಡತಿಯ ಅರ್ಜಿ ಮಿತಿಯಿಲ್ಲದ ವರ್ಗಕ್ಕೆ ಜಿಗಿಯುತ್ತದೆ. ಆ ದಿನವನ್ನು ಬೇಗ ತಂದುಕೊಳ್ಳಲು ಅವನು ಹೆಂಡತಿಯಿಂದ ದೂರವೇ ಉಳಿಯಬೇಕಾಗುತ್ತದೆ.

ಅಮೆರಿಕದ ಸಂಸತ್ತಿಗೆ ಈ ಸಂಕಟ ತಿಳಿಯದ್ದೇನಲ್ಲ. 2000ರಲ್ಲಿ ವಿ ವೀಸಾ ಎಂಬುದನ್ನು ಸೃಷ್ಟಿಸಿ, ಮೂರು ವರ್ಷ ಕಾದ ಎಫ್2ಎ ಸಂಗಾತಿಗಳು ಅಮೆರಿಕಕ್ಕೆ ಬಂದು ಉಳಿದ ಕಾಯುವಿಕೆಯನ್ನು ಒಟ್ಟಿಗೆ ಕಳೆಯಲು, ಕೆಲಸವನ್ನೂ ಮಾಡಲು ಅವಕಾಶ ಕೊಟ್ಟರು. ಆದರೆ 2000ರ ಡಿಸೆಂಬರ್ 21ರೊಳಗೆ ಸಲ್ಲಿಕೆಯಾದ ಅರ್ಜಿಗಳಿಗೆ ಮಾತ್ರ. ಆ ದಿನಾಂಕವನ್ನು ಮುಂದೂಡಲೇ ಇಲ್ಲ. ಸುಳ್ಳು ಮದುವೆಗಳನ್ನು ತಡೆಯಬೇಕೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ, ಅದಕ್ಕಾಗಿ ನಡೆಯುವ ಪರಿಶೀಲನೆಗೆ ಸಮಯ ಹಿಡಿದರೆ ಹಿಡಿಯಲಿ. ಆದರೆ ಎಫ್2ಎ ಸಾಲು ಯಾರ ಮದುವೆಯ ಸತ್ಯವನ್ನೂ ಪರೀಕ್ಷಿಸುವುದಿಲ್ಲ. ಪರೀಕ್ಷೆ ಅರ್ಜಿಯಲ್ಲಿದೆ, ಸಂದರ್ಶನದಲ್ಲಿದೆ. ನಡುವಿನ ವರ್ಷಗಳಲ್ಲಿ ಕಡತ ಸುಮ್ಮನೆ ಬಿದ್ದಿರುತ್ತದೆ.

ಆ ವರ್ಷಗಳಲ್ಲಿ ನಮ್ಮ ಕೆಲಸ ಮಾತ್ರ ನಿಲ್ಲುವುದಿಲ್ಲ. ಭಾರತದಲ್ಲಿರುವವರಿಗೆ ವಲಸೆ ವೀಸಾ ಸಂದರ್ಶನ ಹೆಚ್ಚಾಗಿ ನಡೆಯುವುದು ಮುಂಬೈ ಕಾನ್ಸುಲೇಟಿನಲ್ಲಿ. ಅಲ್ಲಿನ ಅಧಿಕಾರಿಯ ಮುಂದೆ ಕೂರುವ ಹೊತ್ತಿಗೆ ಮದುವೆಯ ಆಲ್ಬಮ್ ಹಳೆಯದಾಗಿರುತ್ತದೆ. ಆದ್ದರಿಂದ ಆಮೇಲಿನ ದಾಂಪತ್ಯದ ಗುರುತುಗಳನ್ನು ಕೂಡಿಡಲು ಹೇಳುತ್ತೇವೆ: ಗಂಡ ಊರಿಗೆ ಬಂದ ಪ್ರತಿ ಸಲದ ಪಾಸ್‌ಪೋರ್ಟ್ ಮುದ್ರೆ, ಹಣ ಕಳುಹಿಸಿದ ಬ್ಯಾಂಕ್ ರಸೀದಿ, ವಿಮೆಯಲ್ಲಿ ನಾಮಿನಿಯ ಹೆಸರು, ಗೌರಿ ಹಬ್ಬದ ಫೋಟೊ. ನಮ್ಮ ಹೆಸರುಗಳ ಗೋಜನ್ನೂ ಮೊದಲೇ ಬಿಡಿಸಿಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಊರ ಹೆಸರಾಗಿಯೋ ತಂದೆಯ ಹೆಸರಾಗಿಯೋ ಬಿಡಿಸಿಕೊಂಡಿರುತ್ತದೆ, ಗಂಡ ಹೆಂಡತಿಯ ಕೊನೆಯ ಹೆಸರು ಒಂದೇ ಇರುವುದಿಲ್ಲ. ಒಂದು ಪುಟದ ವಿವರಣೆಯನ್ನು ಕಡತಕ್ಕೆ ಸೇರಿಸಿದರೆ ಅಧಿಕಾರಿಗೆ ಅನುಮಾನಕ್ಕೆ ಆಸ್ಪದವಿರುವುದಿಲ್ಲ. ಹಾಗೆಯೇ, ಸಂದರ್ಶನಕ್ಕೆ ಮುನ್ನ ಕಡತ ನೋಡಿಕೊಳ್ಳುವ ಅಮೆರಿಕದ ರಾಷ್ಟ್ರೀಯ ವೀಸಾ ಕೇಂದ್ರ ಕಳುಹಿಸಿದ ಸೂಚನೆಗೆ ಒಂದು ವರ್ಷದೊಳಗೆ ಸ್ಪಂದಿಸದಿದ್ದರೆ ಪ್ರಕರಣವೇ ರದ್ದಾಗಬಹುದು. ಮಿಂಚಂಚೆ ವಿಳಾಸ ಬದಲಾದರೆ ಅವರಿಗೆ ತಿಳಿಸಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಈಗ ನಮ್ಮ ಕಚೇರಿಯಲ್ಲಿ ಉದ್ಯೋಗದ ಗ್ರೀನ್ ಕಾರ್ಡಿಗೆ ಬರುವ ಒಂಟಿ ಹುಡುಗ ಹುಡುಗಿಯರನ್ನೂ, ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆಯೇ ಎಂದು ನೇರವಾಗಿ ಕೇಳುತ್ತೇವೆ. ಕೆಲವರು ನಾಚಿಕೊಳ್ಳುತ್ತಾರೆ, ಕೆಲವರಿಗೆ ಇದೇಕೆ ಇವರಿಗೆ ಎನ್ನಿಸುತ್ತದೆ. ಕಾರಣ ವಿವರಿಸಿದಾಗ ಅಲ್ಲೇ ಅಮ್ಮನಿಗೆ ಫೋನ್ ಮಾಡಿದವರಿದ್ದಾರೆ. ನಿಮ್ಮ ಕಂಪನಿಯ ವಕೀಲರು ಕೇಳದಿದ್ದರೆ ನೀವೇ ಬರೆಯಿರಿ: ನಿಶ್ಚಿತಾರ್ಥವಾಗಿದೆ, ಮದುವೆ ಇಂಥ ತಿಂಗಳಲ್ಲಿದೆ, ನನ್ನ ಸರತಿ ದಿನಾಂಕ ಇದು, ಐ-485 ಈಗಲೇ ಹಾಕಬೇಕೇ ಅಥವಾ ತಡೆಯಬೇಕೇ. ಅರ್ಜಿ ಈಗಾಗಲೇ ಸಲ್ಲಿಕೆಯಾಗಿದ್ದರೆ ಮುಹೂರ್ತ ಇಡುವ ಮುನ್ನ ಆ ತಿಂಗಳ ವೀಸಾ ಪ್ರಕಟಣೆಯನ್ನು ನೋಡಿ, ನಿಮ್ಮ ದಿನಾಂಕ ಹತ್ತಿರವಿದ್ದರೆ ಮನೆಯವರನ್ನು ಕೂರಿಸಿಕೊಂಡು ಮಾತಾಡಿ.