ಬೋಗಾದಿ ಫ್ಲ್ಯಾಟ್: ಕರೆಂಟಿನ ಕೆಲಸ ಮುಗಿಯಿತು, ನೀರಿನದು ಅರ್ಧ

ಅಮೆರಿಕದಿಂದ ಸಾಮಾನು ಸಮೇತ ಮೈಸೂರಿಗೆ ವಾಪಸಾದ ಸಂಸಾರವೊಂದಕ್ಕೆ ಬೋಗಾದಿಯಲ್ಲಿ ಫ್ಲ್ಯಾಟ್ ಸಿದ್ಧವಾಗುತ್ತಿದೆ. ಕಟ್ಟಡ ಹಳೆಯದು. ನೀರು ಅರ್ಧ ಕಾವೇರಿ, ಅರ್ಧ ಬೋರ್‌ವೆಲ್. ಕರೆಂಟು, ನೀರು ಎರಡೂ ಸರಿಯಾಗುವ ತನಕ ಡಬ್ಬ ಬಿಚ್ಚುವುದಿಲ್ಲ ಎಂದೇ ಕೆಲಸ ಶುರುವಾಗಿದ್ದು. ಗೋಡೆ ಕೊರೆಯುವುದು ಆಮೇಲೆ ಬಂದರೆ ಸಿಮೆಂಟ್ ಧೂಳು ಸೋಫಾ, ಬಟ್ಟೆ, ಪುಸ್ತಕ ಯಾವುದನ್ನೂ ಬಿಡುವುದಿಲ್ಲ.

ಕರೆಂಟು

ಮೊದಲು ನೋಡಿದ್ದು ಅರ್ಥಿಂಗ್. ಪ್ರತಿ ಮೂರು ಪಿನ್ ಸಾಕೆಟ್ಟಿಗೂ ಮಲ್ಟಿಮೀಟರ್ ಇಟ್ಟು ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರನ್ನೂ ಅಳೆಯಬೇಕು. ಮೊದಲೆರಡೂ 230 ವೋಲ್ಟ್ ಆಸುಪಾಸು, ಮೂರನೆಯದು 2–3 ವೋಲ್ಟ್ ಒಳಗೆ ಬಂದರೆ ಸರಿ. ಆದರೆ ಡಿಜಿಟಲ್ ಮೀಟರನ್ನೇ ಪೂರ್ತಿ ನಂಬಬಾರದು, ತುಂಡಾದ ಅರ್ಥ್ ವೈರಿನಲ್ಲೂ ಅದು ಸುಳ್ಳು ವೋಲ್ಟೇಜ್ ತೋರಿಸುವುದುಂಟು. ಫೇಸ್‌ಗೂ ಅರ್ಥ್‌ಗೂ ನಡುವೆ ಹಳೇ ಕಾಲದ 100 ವ್ಯಾಟ್ ಬಲ್ಬು ಕೊಟ್ಟರೆ ನಿಜ ತಿಳಿಯುತ್ತದೆ. ಪೂರ್ತಿ ಉರಿದರೆ ಅರ್ಥ್ ಗಟ್ಟಿ, ಮಂಕಾಗಿ ಉರಿದರೆ ಎಲ್ಲೋ ಸಡಿಲ. ಲೈನಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಇದ್ದರೆ ಬಲ್ಬು ಉರಿಯುವ ಮೊದಲೇ ಅದು ಬೀಳಬೇಕು, ಬಿದ್ದರೆ ಅರ್ಥ್ ಇದೆ ಎಂದೇ ಲೆಕ್ಕ. ಇದು ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕಾದ ಕೆಲಸ.

ಅಡುಗೆಮನೆಯ ಎರಡು ಸಾಕೆಟ್ಟುಗಳಲ್ಲಿ ಬಲ್ಬು ಉರಿಯಲೇ ಇಲ್ಲ. ಬೋರ್ಡ್ ಬಿಚ್ಚಿದರೆ ಅರ್ಥಿನ ಹಸಿರು ವೈರನ್ನು ಸುತ್ತಿ ಹಿಂದಕ್ಕೆ ತುರುಕಿದ್ದರು. ವಾಷಿಂಗ್ ಮೆಷಿನ್, ಫ್ರಿಜ್ ಮುಟ್ಟಿದರೆ ಜುಮ್ಮೆನ್ನುವ ಮನೆಗಳಲ್ಲಿ ಬಹಳ ಸಲ ಇದೇ ಕಾರಣ.

ಲೈಟಿಗೊಂದು, ಪವರ್ ಸಾಕೆಟ್ಟುಗಳಿಗೊಂದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿದ ಕೂಡಲೇ ಹಾಲ್ ಲೈಟು ಒತ್ತಿದರೆ ಎರಡೂ ಬೀಳತೊಡಗಿದವು. ಹಳೆಯ ವೈರಿಂಗಿನಲ್ಲಿ ಲೈಟಿನ ನ್ಯೂಟ್ರಲ್ಲನ್ನು ಪಕ್ಕದ ಪವರ್ ಸಾಕೆಟ್ಟಿನಿಂದ ಎಳೆದಿದ್ದರು. ಒಂದರ ಮೂಲಕ ಹೋದ ಕರೆಂಟು ಇನ್ನೊಂದರ ಮೂಲಕ ವಾಪಸ್ ಬಂದರೆ ಎರಡಕ್ಕೂ ಅದು ಸೋರಿಕೆಯಾಗಿಯೇ ಕಾಣುತ್ತದೆ. ಲೈಟಿಗೆ ಬೇರೆ ನ್ಯೂಟ್ರಲ್ ಎಳೆದ ಮೇಲೆ ಬೀಳುವುದು ನಿಂತಿತು. "ತೊಂದ್ರೆ ಕೊಡ್ತದೆ, ತೆಗೆದುಬಿಡೋಣ" ಎನ್ನುವವರ ಮಾತು ಯಾವ ಕಾರಣಕ್ಕೂ ಕೇಳಬಾರದು. ಒದ್ದೆ ಕೈಗೆ ಶಾಕ್ ಹೊಡೆದಾಗ ಜೀವ ಉಳಿಸುವುದು ಆರ್‌ಸಿಸಿಬಿಯೊಂದೇ. ಹೆಚ್ಚು ಕರೆಂಟು ಹರಿದರೆ ಬೀಳುವ ಎಂಸಿಬಿ ಕಾಪಾಡುವುದು ವೈರನ್ನು, ಮನುಷ್ಯರನ್ನಲ್ಲ.

ಗೀಸರ್, ಏಸಿಗೆ 4 ಚದರ ಮಿ.ಮೀ. ವೈರು, 20 ಆಂಪಿಯರ್ ಎಂಸಿಬಿ. ಉಳಿದ 16 ಆಂಪಿಯರ್ ಸಾಕೆಟ್ಟುಗಳಿಗೆ 2.5 ಸಾಕು.

120 ವೋಲ್ಟಿನ ಸಾಮಾನು

ವಿಂಗಡಿಸಿದ್ದು ವಸ್ತುವಿನ ಹಿಂದಿನ ಲೇಬಲ್ ಓದಿಯೇ. "100–240 ವೋಲ್ಟ್, 50/60 ಹರ್ಟ್ಸ್" ಎಂದಿದ್ದರೆ ಪ್ಲಗ್ ಬದಲಾದರೆ ಸಾಕು: ಲ್ಯಾಪ್‌ಟಾಪ್, ಫೋನ್ ಚಾರ್ಜರ್, ಕ್ಯಾಮೆರಾ ಎಲ್ಲ ಈ ಗುಂಪು. ಲ್ಯಾಪ್‌ಟಾಪಿಗೆ ಎಲ್ಲ ದೇಶಕ್ಕೂ ಆಗುವ ಅಡಾಪ್ಟರ್ ಬೇಡ. ಅವುಗಳಲ್ಲಿ ಬಹುಪಾಲಿಗೆ ಅರ್ಥ್ ಪಿನ್ ಕೆಲಸಕ್ಕೇ ಬರುವುದಿಲ್ಲ, ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತು ಬಿಸಿಯಾಗುತ್ತವೆ. ಲ್ಯಾಪ್‌ಟಾಪಿನ ಚಾರ್ಜರಿಗೆ ಸಿಕ್ಕಿಸುವ ವೈರನ್ನಷ್ಟೇ ಐಎಸ್‌ಐ ಗುರುತಿನದು ಇಲ್ಲೇ ಕೊಂಡರೆ ಮುಗಿಯಿತು.

ಬರೀ "120 ವೋಲ್ಟ್, 60 ಹರ್ಟ್ಸ್" ಎಂದಿದ್ದರೆ ಯೋಚಿಸಬೇಕು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಇಲ್ಲಿಯ 50 ಹರ್ಟ್ಸನ್ನು (ಕರೆಂಟು ಸೆಕೆಂಡಿಗೆ ಹಾಕುವ ಸುತ್ತುಗಳನ್ನು) ಬದಲಿಸುವುದಿಲ್ಲ. ಕಾರ್ಬನ್ ಬ್ರಶ್ ಇರುವ ಮೋಟಾರಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಹಿಟ್ಟು ಕಲಸುವ 325 ವ್ಯಾಟಿನ ಮಿಕ್ಸರನ್ನು ಉಳಿಸಿಕೊಂಡು 1000 ವಿಎ (ವೋಲ್ಟ್ ಆಂಪಿಯರ್, ಹೆಚ್ಚೂಕಡಿಮೆ ವ್ಯಾಟಿನ ಹಾಗೆ) ಟ್ರಾನ್ಸ್‌ಫಾರ್ಮರ್ ತರಲಾಗಿದೆ, ಶುರುವಿನಲ್ಲಿ ಮೋಟಾರ್ ಎಳೆಯುವ ಕರೆಂಟಿಗೆ ಅಷ್ಟು ಅಂತರ ಬೇಕು. ಬ್ರಶ್ ಇಲ್ಲದ ಇಂಡಕ್ಷನ್ ಮೋಟಾರ್ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿ ಬಿಸಿಯಾಗುತ್ತದೆ. ಲೈನಿನ ಹರ್ಟ್ಸ್ ನಂಬಿದ ಗಡಿಯಾರ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಮೈಕ್ರೋವೇವ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್, ಹೇರ್ ಡ್ರೈಯರ್ ಇವನ್ನು ಅಲ್ಲೇ ಕೊಟ್ಟು ಬರುವುದು ಒಳ್ಳೆಯದು. ಅವುಗಳ ಭಾರ ಹೊರುವ ಟ್ರಾನ್ಸ್‌ಫಾರ್ಮರ್ ಬೆಲೆಗೆ ಇಲ್ಲಿ ಹೊಸದೇ ಸಿಗುತ್ತದೆ.

ನೀರು

ಇಲ್ಲಿ ಜನ ಹೆಚ್ಚಾಗಿ ಎಡವುವುದು ಟಿಡಿಎಸ್ ಮೀಟರನ್ನು ನಂಬಿ. ಅದು ನೀರಿನಲ್ಲಿ ಕರಗಿದ್ದೆಲ್ಲವನ್ನೂ ಒಟ್ಟಿಗೆ ಅಂದಾಜಿಸುತ್ತದೆ, ಗಡಸುತನವನ್ನು (ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶವನ್ನು) ಬೇರೆ ಮಾಡಿ ಹೇಳುವುದಿಲ್ಲ. ಗಡಸುತನಕ್ಕೆ ಹನಿ ಹಾಕಿ ಬಣ್ಣ ನೋಡುವ ಕಿಟ್ ಬೇಕು: ನೀರು ಕೆಂಪಿನಿಂದ ನೀಲಿಗೆ ತಿರುಗುವ ತನಕ ಬಿದ್ದ ಹನಿಗಳ ಲೆಕ್ಕ. ಕುಡಿಯುವ ನೀರಿಗಿರುವ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಟಿಡಿಎಸ್‌ಗೆ ಆ ಅಂಕಿಗಳು 500, 2000. ಕಾವೇರಿ ನಲ್ಲಿಯ ನೀರು ಇಲ್ಲಿ ಮೆದು. ಬೋರ್‌ವೆಲ್ ನೀರಿನ ಗಡಸುತನ 400 ಬಂತು. ಆದ್ದರಿಂದ ಅಡುಗೆಮನೆಗೆ ಕಾವೇರಿಯ ಲೈನನ್ನೇ ಬೇರೆ ಎಳೆದು ಬರೀ ಯುವಿ (ಬೆಳಕಿನಿಂದ ರೋಗಾಣು ಕೊಲ್ಲುವ) ಫಿಲ್ಟರ್ ಕೂರಿಸಲಾಗಿದೆ. ಕರಗಿದ ಲವಣ ಸೋಸುವ ಆರ್‌ಒ ಹಾಕಿದ್ದರೆ ಅಷ್ಟು ಒಳ್ಳೆಯ ನೀರಿನಲ್ಲಿ ದೊಡ್ಡ ಪಾಲು ಸುಮ್ಮನೆ ಮೋರಿಗೆ ಹೋಗುತ್ತಿತ್ತು.

ಬಚ್ಚಲು, ವಾಷಿಂಗ್ ಮೆಷಿನ್, ಗೀಸರ್ ಲೈನಿಗೆ 25 ಲೀಟರ್ ರೆಸಿನ್ನಿನ (ಗಡಸು ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳ) ಸಾಫ್ಟ್‌ನರ್. ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ ಎಂದಿಟ್ಟುಕೊಂಡರೆ ಒಟ್ಟು 1250 ಗ್ರಾಂ. ಲೀಟರಿಗೆ 0.4 ಗ್ರಾಂ ಗಡಸಿರುವ ನೀರು 3000 ಲೀಟರ್ ಸ್ವಲ್ಪ ಮೇಲೆ ಹರಿದರೆ ರೆಸಿನ್ ತುಂಬಿತು. ಆಗ 3 ಕೆ.ಜಿ.ಯಷ್ಟು ಉಪ್ಪು ಕದಡಿ ತೊಳೆಯಬೇಕು. ಅಯೋಡಿನ್ ಇಲ್ಲದ ಹರಳುಪ್ಪಾದರೆ ಉತ್ತಮ, ಕಸ ಇರಬಾರದಷ್ಟೆ. ಸಾಫ್ಟ್‌ನರ್ ನೀರಿನಲ್ಲಿ ಸೋಡಿಯಂ ಹೆಚ್ಚು, ಬಾಲ್ಕನಿಯ ತುಳಸಿ, ಕರಿಬೇವಿಗೆ ಹಾಕಬಾರದು. ಗಿಡಗಳಿಗೆಂದೇ ಬೈಪಾಸ್ ವಾಲ್ವ್ ಬಿಟ್ಟಿದೆ.

ಕೆಲಸ ನಿಂತಿರುವುದು ಒತ್ತಡದ ಹತ್ತಿರ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಲೆಕ್ಕ. ಇದು ಮೇಲಂತಸ್ತು. ಟ್ಯಾಂಕಿಗೂ ನಲ್ಲಿಗೂ ಅಂತರ ಬರೀ 4 ಮೀಟರ್, ಸಿಗುವುದು 0.4 ಬಾರ್. ಆ ಒತ್ತಡಕ್ಕೆ ನೀರು ರೆಸಿನ್ ದಾಟಿ ಶವರಿಗೆ ಬರುವಷ್ಟರಲ್ಲಿ ದಾರವಾಗಿರುತ್ತದೆ, ಉಪ್ಪುನೀರನ್ನು ಎಳೆದುಕೊಳ್ಳುವ ಶಕ್ತಿಯೂ ಉಳಿಯುವುದಿಲ್ಲ. ಪ್ರೆಶರ್ ಪಂಪ್ ಬರಬೇಕು, ಅದಕ್ಕೆ ಟೆರೇಸಿನಲ್ಲಿ ಬೇರೆ ಎಂಸಿಬಿ, ಬೇರೆ ಅರ್ಥ್.

ಗ್ಯಾಸ್

ತಂದ ಒಲೆ ಪೈಪ್ ಗ್ಯಾಸಿನದು. ಅದರ ಜೆಟ್ ತೂತು ಎಲ್‌ಪಿಜಿಗೆ ದೊಡ್ಡದು, ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ, ಅಪಾಯವೂ ಹೌದು. ಇಲ್ಲಿಯ ಒಲೆ, 14.2 ಕೆ.ಜಿ. ಸಿಲಿಂಡರ್, ಸುರಕ್ಷಾ ಟ್ಯೂಬ್. ಸಿಲಿಂಡರ್ ಯಾವಾಗಲೂ ನೆಟ್ಟಗೆ, ಒಲೆಗಿಂತ ಕೆಳಗೆ.

ಮುಂದಿನ ಕಂತು

ಪಂಪ್ ಕೂತ ಮೇಲೆ ಇನ್‌ವರ್ಟರ್. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್‌ಅವರ್ ಇದ್ದರೂ ಕೈಗೆ ಸಿಗುವುದು 1150ರಷ್ಟು. 75 ವ್ಯಾಟಿನ ನಾಲ್ಕು ಫ್ಯಾನು, 10 ವ್ಯಾಟಿನ ಆರು ಬಲ್ಬಿಗೆ ಅದು ಮೂರು ಗಂಟೆ. ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿಗೆ (ಕಡಿಮೆ ಕರೆಂಟು ಎಳೆಯುವ, ಬ್ರಶ್ ಇಲ್ಲದ ಡಿಸಿ ಮೋಟಾರಿನ ಫ್ಯಾನಿಗೆ) ಬದಲಿಸಿದರೆ ಆರು ಗಂಟೆ ದಾಟುತ್ತದೆ. ಹಾಗಾಗಿ ಬ್ಯಾಟರಿ ದೊಡ್ಡದು ಮಾಡದೆ ಫ್ಯಾನು ಬದಲಿಸುವುದೆಂದು ತೀರ್ಮಾನವಾಗಿದೆ. ಪಂಪನ್ನು ಇನ್‌ವರ್ಟರ್ ಲೈನಿಗೆ ಸೇರಿಸುವುದಿಲ್ಲ.