ಪಳಗುವ ಕೈ

ಮೈಸೂರು, 21 ಜುಲೈ 2024, ಭಾನುವಾರ

ಇವತ್ತು ಗುರುಪೂರ್ಣಿಮೆ. ನಮ್ಮ ಸಂಗೀತದ ಮೇಷ್ಟ್ರ ಫೋಟೋಗೆ ಹೂವು ಬೇಕಿತ್ತು. ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲೇ ದೇವರಾಜ ಮಾರುಕಟ್ಟೆಗೆ ಹೋದೆ. ಹೂವಿನ ಸಾಲಿನಲ್ಲಿ ಒಬ್ಬ ಹುಡುಗ ಮಡಚಿದ ಗೋಣಿಚೀಲದ ಮೇಲೆ ಕೂತು, ತೊಡೆ ಮೇಲೆ ಡ್ರಾಯಿಂಗ್ ಬೋರ್ಡ್ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದ. ಕಾವಾದಲ್ಲಿ, ಅಂದರೆ ಇಲ್ಲಿನ ಚಿತ್ರಕಲಾ ಕಾಲೇಜಿನಲ್ಲಿ ಓದುವ ಹುಡುಗ. ಎದುರಿಗೆ ಮಲ್ಲಿಗೆ ಕಟ್ಟುವ ಅಜ್ಜಿ. ಹಾಳೆ ತುಂಬಾ ಬರೀ ಕೈಗಳು. ದಾರ ಹಿಡಿದ ಕೈ, ಮೊಗ್ಗು ಜೋಡಿಸುವ ಬೆರಳು, ಗಂಟು ಬಿಗಿಯುವಾಗ ಒಳಕ್ಕೆ ಬಗ್ಗುವ ಹೆಬ್ಬೆರಳು. ಹೆಬ್ಬೆರಳನ್ನಂತೂ ಮೂಲೆಯಲ್ಲಿ ಮತ್ತೆ ಮತ್ತೆ ಬರೆದಿದ್ದ.

"ಏನಪ್ಪಾ, ನನ್ ಮುಖ ಬರೆಯಲ್ವಾ?" ಅಂದರು ಅಜ್ಜಿ.

"ಮೊದ್ಲು ಕೈ ಸರಿಯಾಗಿ ಬರ್ಲಿ ಅಜ್ಜಿ."

ತುಂಬಾ ಚೆನ್ನಾಗಿದೆ ಅಂತ ನಾನು ಹೇಳಿದೆ. ಅವನು ನಾಚಿಕೊಂಡು ಹಾಳೆ ತಿರುಗಿಸಿಬಿಟ್ಟ. "ಇದು ಚಿತ್ರ ಅಲ್ಲ ಮೇಡಂ, ಸುಮ್ನೆ ಸ್ಟಡಿ" ಅಂದ.

ಚಿತ್ರಕಲೆಯವರು ಹಾಗೇ ಹೇಳುತ್ತಾರೆ. ಹೆಡ್ ಸ್ಟಡಿ, ನೇಚರ್ ಸ್ಟಡಿ, ಲೈಫ್ ಸ್ಟಡಿ. ದೊಡ್ಡ ಚಿತ್ರಕ್ಕೆ ಕೈ ಹಾಕುವ ಮೊದಲು ಮಾಡಿಕೊಳ್ಳುವ ತಯಾರಿ. ಅದು ಸರಿಯೇ. ಆದರೆ ಅದನ್ನು ಕಡಿಮೆ ಮಾಡಿ ನೋಡೋದು ನನಗೆ ಒಪ್ಪಿಗೆಯಾಗುವುದಿಲ್ಲ. ಮನೆಗೆ ಬಂದು ಪೂಜೆ, ಊಟ ಮುಗಿಸಿದ ಮೇಲೂ ಅದೇ ಯೋಚನೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಕೈಗಳ ಸ್ಟಡಿ ಅಂದರೆ ಡ್ಯೂರರ್ ನೆನಪಾಗದೆ ಇರುವುದಿಲ್ಲ. ಆಲ್ಬ್ರೆಕ್ಟ್ ಡ್ಯೂರರ್, ಜರ್ಮನಿಯ ನ್ಯೂರೆಂಬರ್ಗ್‌ನವನು. ಪ್ರಾರ್ಥನೆಗೆ ಜೋಡಿಸಿದ ಎರಡು ಕೈಗಳ ಅವನ ಚಿತ್ರವನ್ನು ನೀವೂ ನೋಡಿರುತ್ತೀರಿ. ಚರ್ಚಿನ ಕ್ಯಾಲೆಂಡರ್, ಶುಭಾಶಯ ಪತ್ರ, ಎಲ್ಲೆಲ್ಲೂ ಇದೆ. ಫ್ರಾಂಕ್‌ಫರ್ಟ್‌ನ ಯಾಕೋಬ್ ಹೆಲ್ಲರ್ ಎಂಬ ವ್ಯಾಪಾರಿ ಡ್ಯೂರರ್‌ಗೆ ಚರ್ಚಿನ ಪೀಠಕ್ಕೆ ದೊಡ್ಡ ಚಿತ್ರವೊಂದನ್ನು ಬರೆಯಲು ಹೇಳಿದ್ದ. ಅದರಲ್ಲಿ ಮೇಲೆ ನೋಡುತ್ತಿರುವ, ಕ್ರಿಸ್ತನ ಶಿಷ್ಯರಲ್ಲೊಬ್ಬನ ಕೈಗಳಿಗಾಗಿ 1508ರಲ್ಲಿ ಮಾಡಿಕೊಂಡ ಸ್ಟಡಿ ಅದು. ನೀಲಿ ಬಣ್ಣ ಬಳಿದ ಕಾಗದ, ಕುಂಚದ ತೆಳುಗೆರೆ, ಬೆಳಕು ಬೀಳುವ ಕಡೆ ಬಿಳಿ. ಹಾಳೆ ಒಂದಡಿ ಉದ್ದವೂ ಇಲ್ಲ.

ಆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಬೇಕು. ಬೆರಳುಗಳು ಪೂರ್ತಿ ನೆಟ್ಟಗಿಲ್ಲ. ಕೈ ಮೇಲೆ ನರಗಳು ಎದ್ದು ಕಾಣುತ್ತವೆ. ಗೆಣ್ಣಿನ ಮೇಲಿನ ಸುಕ್ಕು, ಉಗುರಿನ ಅಂಚು, ಮಡಚಿದ ತೋಳಿನ ಅಂಚು, ಯಾವುದನ್ನೂ ಅವಸರದಲ್ಲಿ ದಾಟಿಲ್ಲ. ಅದೇ ಪೀಠಚಿತ್ರಕ್ಕೆ ಅವನು ತಲೆಗಳನ್ನು ಬರೆದುಕೊಂಡ, ಬಟ್ಟೆಯ ನೆರಿಗೆ ಬರೆದುಕೊಂಡ, ಮಂಡಿಯೂರಿದವನ ಅಂಗಾಲುಗಳನ್ನೂ ಬರೆದುಕೊಂಡ.

ದೊಡ್ಡ ಚಿತ್ರ ಆಮೇಲೆ ಬವೇರಿಯಾದ ದೊರೆಯ ಪಾಲಾಯಿತು. 1729ರಲ್ಲಿ ಮ್ಯೂನಿಕ್‌ನ ಅರಮನೆಗೆ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಈಗ ಉಳಿದಿರೋದು ಬೇರೊಬ್ಬರು ಮಾಡಿದ ನಕಲು. ಕೈಗಳ ಹಾಳೆ ಮಾತ್ರ ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಂನಲ್ಲಿ ಕ್ಷೇಮವಾಗಿದೆ.

ಬೆಂಕಿಯಿಂದ ಪಾರಾಗಿದ್ದು ಅದೃಷ್ಟ. ಆದರೆ ಜನ ಅದನ್ನು ಮನೆಗೆ ತಂದು ಗೋಡೆಗೆ ತೂಗುಹಾಕಿದ್ದು ಅದೃಷ್ಟದಿಂದ ಅಲ್ಲ. ಪೀಠಚಿತ್ರಕ್ಕೆ ಯಜಮಾನ ಇದ್ದ, ಗಡುವು ಇತ್ತು. ದುಡ್ಡಿನ ವಿಷಯಕ್ಕೆ ಡ್ಯೂರರ್‌ಗೂ ಹೆಲ್ಲರ್‌ಗೂ ಪತ್ರಗಳಲ್ಲಿ ಸಾಕಷ್ಟು ಜಗ್ಗಾಟವೂ ಆಯಿತು. ಈ ಹಾಳೆಗೆ ಅದ್ಯಾವುದರ ಹಂಗೂ ಇರಲಿಲ್ಲ. ಅಲ್ಲಿದ್ದಿದ್ದು ಕೈ ಮತ್ತು ಅದನ್ನು ನೋಡುವ ಕಣ್ಣು. ಯಾರನ್ನೂ ಮೆಚ್ಚಿಸಬೇಕಿಲ್ಲದ ಆ ಗಮನವೇ ನಮ್ಮನ್ನು ಈಗಲೂ ತಡೆದು ನಿಲ್ಲಿಸುತ್ತದೆ ಅಂತ ನನ್ನ ನಂಬಿಕೆ.

ಸಂಗೀತದಲ್ಲೂ ಇದನ್ನು ದಿನಾ ಕಾಣುತ್ತೇನೆ. ಈಗಲೂ ಬೆಳಿಗ್ಗೆ ನಾನು ಕೂರುವುದು ಸಂಗೀತದ ಮೊದಲ ಪಾಠವಾದ ಸರಳೆ ವರಸೆಗೇ. ಮಾಯಾಮಾಳವಗೌಳ ರಾಗ, ಆದಿತಾಳ, ಮೂರು ಕಾಲ, ಅಂದರೆ ಮೂರು ವೇಗ. ಈ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಸಂಪ್ರದಾಯದ ಮಾತು. ರಾಗದ ಆಯ್ಕೆಯಲ್ಲೇ ಎಷ್ಟು ತಿಳಿವಳಿಕೆ ಇದೆ ನೋಡಿ. ಷಡ್ಜಕ್ಕೆ ಅಂಟಿಕೊಂಡ ಹಾಗೆ ರಿಷಭ. ಅಲ್ಲಿಂದ ಗಾಂಧಾರಕ್ಕೆ ದೊಡ್ಡ ಜಿಗಿತ. ಗಾಂಧಾರದ ಪಕ್ಕದಲ್ಲೇ ಮಧ್ಯಮ. ಪಂಚಮದಿಂದ ಮೇಲಕ್ಕೆ ಇದೇ ನಡೆ ಇನ್ನೊಂದು ಸಲ. ಕೆಳಗಿನ ಅರ್ಧ ಗಟ್ಟಿಯಾದರೆ ಮೇಲಿನ ಅರ್ಧಕ್ಕೆ ದಾರಿ ಗೊತ್ತಿರುತ್ತದೆ. ಮಗುವಿನ ಕಿವಿಗೆ ಹತ್ತಿರದ ಸ್ವರ ಯಾವುದು, ದೂರದ್ದು ಯಾವುದು ಅಂತ ಮೊದಲ ದಿನವೇ ತಿಳಿಯುತ್ತದೆ.

ಆಮೇಲೆ ಜಂಟಿ ವರಸೆ. ಸಸ ರಿರಿ ಗಗ ಮಮ. ಎರಡನೆಯ ಸ್ವರದ ಮೇಲೆ ಒತ್ತು ಬೀಳಬೇಕು. ಸುಮ್ನೆ ಎರಡು ಸಲ ಹೇಳಿದರೆ ಜಂಟಿ ಆಗೋದಿಲ್ಲ. ಈ ಒತ್ತು ನಾಭಿಯಿಂದ ಬರಬೇಕು ಅಂತ ಮೇಷ್ಟ್ರು ಹೇಳಿಕೊಡುತ್ತಿದ್ದರು. ಗಂಟಲಿನಿಂದ ಬಂದರೆ ಅವರ ಮುಖವೇ ಹೇಳುತ್ತಿತ್ತು. ಮೂರನೇ ಕಾಲದಲ್ಲಿ ಒತ್ತು ಜಾರಿಹೋಗುತ್ತದೆ. ಆಗ ಮತ್ತೆ ಮೊದಲ ಕಾಲಕ್ಕೆ ಬರಬೇಕು. ಇಷ್ಟು ವರ್ಷವಾದರೂ ಅದು ಹಾಗೇ, ಇಷ್ಟು ವರ್ಷವಾದರೂ ನನಗೆ ಬೇಸರ ಬಂದಿಲ್ಲ.

ವರ್ಣದ ವಿಷಯ ಇನ್ನೂ ಸೊಗಸು. ವರ್ಣ ಅನ್ನುವ ಸಂಗೀತ ರಚನೆ ಇರೋದು ಕಲಿಯೋದಕ್ಕೆ. ರಾಗದ ಮುಖ್ಯ ಸಂಚಾರಗಳು, ಗಮಕ, ಕಾಲದ ಹಿಡಿತ, ಎಲ್ಲ ಅದರಲ್ಲಿ ತುಂಬಿರುತ್ತದೆ. ಪಾಠದ ಕೋಣೆಯಿಂದ ಅದು ನೇರವಾಗಿ ಕಚೇರಿಗೂ ಬಂತು. ಎಷ್ಟೋ ಕಚೇರಿ ಶುರುವಾಗೋದೇ ವರ್ಣದಿಂದ. ಭೈರವಿಯ ಅಟ್ಟತಾಳ ವರ್ಣ ವಿರಿಬೋಣಿ ಕೇಳುವಾಗ ಇದು ಅಭ್ಯಾಸಕ್ಕೆ ಅಂತ ಯಾರಿಗಾದರೂ ಅನ್ನಿಸುತ್ತದಾ? ಪಿಯಾನೋದಲ್ಲಿ ಇದೇ ಕೆಲಸವನ್ನು ಶೋಪಾನ್ ಮಾಡಿದ. 1833ರಲ್ಲಿ 12, 1837ರಲ್ಲಿ ಇನ್ನೊಂದು 12 ಎಟ್ಯೂಡ್, ಅಂದರೆ ಅಭ್ಯಾಸದ ರಚನೆಗಳು, ಅಚ್ಚಾದವು. ಒಂದೊಂದೂ ಒಂದೊಂದು ಕಷ್ಟದ ಸುತ್ತ ಕಟ್ಟಿದ್ದು. ಒಂದರಲ್ಲಿ ಬಲಗೈಯ ಕೊನೆಯ ಮೂರು ಬೆರಳುಗಳೇ ಪಕ್ಕಪಕ್ಕದ ಸ್ವರಗಳನ್ನು ಓಡಿಸಬೇಕು. ಬಲ ಕಡಿಮೆ ಇರುವ ಬೆರಳುಗಳಿಗೇ ಆ ಕೆಲಸ. ಕೇಳುವವನಿಗೆ ಬರೀ ಸಂಗೀತ.

ಕಲಿಯೋದು ಹೆಸರು ಬರುವವರೆಗೆ ಅಂತ ತಿಳಿದವರಿಗೆ ನಾನು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರನ್ನು ತೋರಿಸುತ್ತೇನೆ. ಮಿರಜ್‌ನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಗಾಯನ ಕಲಿತು ಹೆಸರು ಮಾಡಿದ್ದರು. ಗ್ರಾಮಫೋನ್ ತಟ್ಟೆಗಳು ಬಂದಿದ್ದವು. ಅಷ್ಟಾದ ಮೇಲೆ 1930ರ ದಶಕದಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂತರು. ಅವರ ಜೈಪುರ ಅತ್ರೌಲಿ ಘರಾಣೆಯ, ಅಂದರೆ ಗಾಯನ ಪರಂಪರೆಯ, ದಾರಿಯೇ ಬೇರೆ, ಉಸಿರು ಹಿಡಿಯುವ ರೀತಿಯೇ ಬೇರೆ. ಮಂಜಿ ಖಾನರು 1937ರಲ್ಲಿ ತೀರಿಕೊಂಡರು. ಮನ್ಸೂರರು ಅಲ್ಲಿಗೆ ನಿಲ್ಲಿಸಲಿಲ್ಲ, ಮಂಜಿ ಖಾನರ ತಮ್ಮ ಭೂರ್ಜಿ ಖಾನರ ಹತ್ತಿರ ಪಾಠ ಮುಂದುವರಿಸಿದರು. ನಾವು ಇವತ್ತು ಮನ್ಸೂರರ ಗಾಯನ ಅಂತ ಕಿವಿಗೊಡುವುದು ಈ ಎರಡನೇ ಕಲಿಕೆಯ ಫಲಕ್ಕೆ.

ನಮ್ಮ ಚಿತ್ರಗಾರ ಕೆ. ವೆಂಕಟಪ್ಪನವರೂ ಹಾಗೆಯೇ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಚಿತ್ರಕಲೆ ಕಲಿತು ಮೈಸೂರಿಗೆ ಬಂದವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯಲು ಕೂತರು. ಆ ವೀಣೆಯ ಹುಚ್ಚನ್ನೇ ವಿಷಯ ಮಾಡಿ ಒಂದು ಚಿತ್ರವನ್ನೂ ಬರೆದರು. ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ಲಯ ಏನೆಂದು ಮೈಯಿಂದಲೇ ತಿಳಿಯಬೇಕು ಅಂತ ಕಥಕ್ ಕಲಿತರು. ಅವರ ನರ್ತಕಿಯರ ರೇಖೆಗಳನ್ನು ನೋಡಿದರೆ ಆ ಹೆಜ್ಜೆ ಗೆರೆಯಲ್ಲೇ ಇದೆ.

ಓದಿನಲ್ಲಿ ಇದಕ್ಕೆ ಸಮನಾಗಿ ನನಗೆ ಹೊಳೆಯೋದು ಡಿ.ಎಲ್. ನರಸಿಂಹಾಚಾರ್ಯರು. ಇದೇ ಮೈಸೂರಿನಲ್ಲಿ ಪಾಠ ಹೇಳಿದವರು. ಪಂಪಭಾರತಕ್ಕೆ ಅವರು ಬರೆದ ದೀಪಿಕೆ ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಒಂದೊಂದೇ ಪದ್ಯ ತೆಗೆದುಕೊಂಡು, ಮಾತು ಮಾತಿಗೂ ಅರ್ಥ ಹೇಳುತ್ತಾ ಹೋಗುತ್ತಾರೆ. ಓಲೆಗರಿಯ ಪಾಠ ಅನುಮಾನವಾದ ಕಡೆ ಅನುಮಾನ ಅಂತಲೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. 10ನೇ ಶತಮಾನದ ಒಬ್ಬ ಕವಿಯ ಎದುರು ಇಷ್ಟು ತಾಳ್ಮೆಯಿಂದ ಕೂತವರು ಕಡಿಮೆ. ಅದನ್ನು ಬರೀ ಟಿಪ್ಪಣಿ ಅಂದರೆ ನನಗೆ ನೋವಾಗುತ್ತದೆ. ಅದರ ಜೊತೆ ಓದಿದರೆ ಪಂಪನ ಒಂದು ಸಂಧಿ ಬಿಡಿಸಿಕೊಳ್ಳುವ ಸುಖವೇ ಬೇರೆ.

ಸಂಜೆ ಅಕ್ಕನ ಮಗ ಫೋನ್ ಮಾಡಿದ್ದ. ಸೆಕೆಂಡ್ ಪಿಯುಸಿ, ಸೈನ್ಸ್. "ಓದು ಹೇಗಿದೆಯೋ?" ಅಂದೆ. "ಎಲೆಕ್ಟ್ರೋಸ್ಟಾಟಿಕ್ಸ್ ಮುಗೀತು ಚಿಕ್ಕಮ್ಮ, ಬಯಾಲಜಿ ರೆಕಾರ್ಡೂ ಅರ್ಧ ಮುಗೀತು." ಮಕ್ಕಳ ಬಾಯಲ್ಲಿ ಈಗ ಮುಗಿಯೋದೇ ಜಾಸ್ತಿ. ಪೋರ್ಷನ್ ಮುಗಿಯಿತು, ರಿವಿಷನ್ ಮುಗಿಯಿತು. ಅವರನ್ನು ದೂರಲಾರೆ, ನಾವೇ ಹಾಗೆ ಕೇಳಿ ಕೇಳಿ ಕಲಿಸಿದ್ದೇವೆ. ರೆಕಾರ್ಡ್‌ನಲ್ಲಿ ಹೂವಿನ ಚಿತ್ರ ಹೇಗೆ ಬರೆದೆ ಅಂತ ಕೇಳಿದರೆ ಸೀನಿಯರ್ ರೆಕಾರ್ಡ್ ನೋಡಿ ಅಂದ.

ನಮ್ಮ ಕಾಲೇಜಿನಲ್ಲಿ ಬಾಟನಿ ಲೆಕ್ಚರರ್ ದಾಸವಾಳ ತರಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿಸಿ, ಕಂಡಷ್ಟನ್ನು ಬರೆಯಿರಿ ಅನ್ನುತ್ತಿದ್ದರು. ಕೇಸರಗಳೆಲ್ಲ ಸೇರಿ ಒಂದು ಕೊಳವೆಯಾಗಿರುತ್ತವೆ, ಅದರ ಒಳಗಿಂದ ಶಲಾಕೆ ಮೇಲೆದ್ದು ತುದಿಯಲ್ಲಿ ಐದಾಗಿ ಒಡೆದಿರುತ್ತದೆ. ಅಂಡಾಶಯ ಅಡ್ಡಕ್ಕೆ ಕತ್ತರಿಸಿದರೆ ಅಲ್ಲೂ ಐದು ಕೋಣೆ. ನಾನು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಲೇ ಇಲ್ಲ. ಬರೆಯುವಾಗ ಕಣ್ಣಲ್ಲಿ ನಿಂತಿತು, ಇವತ್ತಿಗೂ ಹೋಗಿಲ್ಲ.

ಬರುವ ಭಾನುವಾರ ಬಾ, ಪೆನ್ಸಿಲ್, ಬ್ಲೇಡ್ ತಗೊಂಡು ಬಾ ಅಂದೆ. ಒಪ್ಪಿದ್ದಾನೆ. ಇಡೀ ಮಧ್ಯಾಹ್ನ ಒಂದೇ ಹೂವು, ಬೇರೆ ಏನೂ ಓದೋದು ಬೇಡ ಅಂತ ಅಕ್ಕನಿಗೂ ಹೇಳಿದ್ದೇನೆ. ಹಿತ್ತಲಲ್ಲಿ ದಾಸವಾಳಕ್ಕೆ ಬರ ಇಲ್ಲ. ಐದೆಸಳಿನ ಕೆಂಪೇ ತೆಗೆದಿಡಬೇಕು. ಎಸಳು ಜಾಸ್ತಿ ಇರುವ ಜಾತಿಯಲ್ಲಿ ಕೇಸರಗಳೂ ಎಸಳಾಗಿಬಿಟ್ಟಿರುತ್ತವೆ, ಮೊದಲ ಸಲ ನೋಡುವವನಿಗೆ ಗೊಂದಲವಾಗುತ್ತದೆ. ಅದನ್ನು ಎರಡನೇ ವಾರಕ್ಕೆ ಇಟ್ಟುಕೊಂಡರಾಯಿತು.