ಗಾರ್ಮೆಂಟ್ಸ್ ಬಿಟ್ಟವರೆಲ್ಲ ಬ್ಲೌಸನ್ನೇ ಹೊಲಿಯಬೇಕಾ?

ಗಾರ್ಮೆಂಟ್ಸ್ ಕೆಲಸ ಬಿಡುತ್ತೇನೆ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: "ಮನೇಲೇ ಕೂತು ಬ್ಲೌಸ್ ಹೊಲಿ." ನನಗೂ ಹಾಗೇ ಹೇಳಿದರು. ಬೆಂಗಳೂರಿನ ಮೈಸೂರು ರಸ್ತೆಯ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಟೈಲರ್ ಆಗಿದ್ದವಳಿಗೆ ಬ್ಲೌಸ್ ಏನು ಮಹಾ ಅಂತ ಅವರ ಲೆಕ್ಕ. ಆದರೆ ಲೈನಿನಲ್ಲಿ ಕೂತವರಿಗೆ ಗೊತ್ತು, ಅಲ್ಲಿ ಯಾರೂ ಇಡೀ ಬಟ್ಟೆ ಹೊಲಿಯುವುದಿಲ್ಲ. ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ಜೇಬು. ನನ್ನ ಪಾಲಿಗೆ ಬಂದದ್ದು ಪ್ಯಾಂಟಿನ ಜಿಪ್, ಸೊಂಟದ ಪಟ್ಟಿ, ಬಾಟಮ್ ಮಡಿಕೆ. ಕಟಿಂಗ್ ಟೇಬಲ್ ಕಡೆ ನಾನು ಹೋದವಳೇ ಅಲ್ಲ.

ಬ್ಲೌಸಿನ ಜೀವ ಇರುವುದೇ ಕಟಿಂಗಿನಲ್ಲಿ, ಅಲ್ವಾ? ಕೆಂಗೇರಿ ಉಪನಗರದ ನಮ್ಮ ಬೀದಿಯಲ್ಲೇ ಬ್ಲೌಸ್ ಹೊಲಿಯುವವರು ಮೂವರಿದ್ದಾರೆ, ಮೂವರದೂ ಒಳ್ಳೆ ಕೈ. ಅವರ ಜೊತೆ ಪೈಪೋಟಿಗೆ ಇಳಿಯುವುದಕ್ಕಿಂತ, ಜಿಪ್ಪು, ಸೊಂಟ, ಬಾಟಮ್ ಕೆಲಸ ಯಾರಿಗೆ ಬೇಕು ಅಂತ ಹುಡುಕುವುದೇ ಸರಿ ಅನಿಸಿತು.

ಬೇಕಾದವರು ಸುತ್ತಮುತ್ತಲೇ ಇದ್ದರು. ಈ ಕಡೆ ಇಂಜಿನಿಯರಿಂಗ್ ಕಾಲೇಜುಗಳು ಜಾಸ್ತಿ, ಪಿ.ಜಿ.ಗಳೂ ಜಾಸ್ತಿ. ಅಲ್ಲಿರುವ ಹುಡುಗ ಹುಡುಗಿಯರು ಆನ್‌ಲೈನ್‌ನಲ್ಲಿ ಜೀನ್ಸ್ ತರಿಸುತ್ತಾರೆ. ಸೊಂಟ ಸರಿಯಾದರೆ ಉದ್ದ ಜಾಸ್ತಿ, ಉದ್ದ ಸರಿಯಾದರೆ ಸೊಂಟ ಸಡಿಲ. ಹೊಸ ಬಟ್ಟೆ ಹೊಲಿಯುವ ಟೈಲರ್‌ಗೆ ಆಲ್ಟ್ರೇಷನ್ ಅಂದರೆ ತಲೆನೋವು, "ಮುಂದಿನ ವಾರ ಬನ್ನಿ" ಅನ್ನುತ್ತಾರೆ. ಅವರು ಸಂಜೆ ಕೊಟ್ಟರೆ ನಾನು ಮರುದಿನ ಸಂಜೆ ವಾಪಸ್ ಕೊಡುತ್ತೇನೆ. ಟಾರ್ಗೆಟ್ ಇಟ್ಟುಕೊಂಡು ಹೊಲಿದ ಕೈಗೆ ಅದು ಕಷ್ಟವಲ್ಲ.

ಜೀನ್ಸಿನ ಬಾಟಮ್‌ನಲ್ಲಿ ಕಂಪನಿ ಹೊಲಿಗೆ ಹಾಗೇ ಉಳಿಯಬೇಕು, ಹುಡುಗರು ಕೇಳುವುದೇ ಅದು. ಮೂರು ಇಂಚು ಕಡಿಮೆ ಮಾಡಬೇಕಾದರೆ, ಬಾಟಮ್ಮಿನ ಹಳೇ ಪಟ್ಟಿಯನ್ನು ಬಿಟ್ಟು ಅದರ ಅಂಚಿನಿಂದ ಒಂದೂವರೆ ಇಂಚು ಮಡಿಸಿ (ಮಡಿಸಿದಾಗ ಎರಡು ಪದರ, ಒಟ್ಟು ಮೂರು ಇಂಚು), ಪಟ್ಟಿಗೆ ಒತ್ತಿ ಹೊಲಿಗೆ ಹಾಕಬೇಕು. ಆಮೇಲೆ ಹೆಚ್ಚಿನ ಬಟ್ಟೆ ಕತ್ತರಿಸಿ, ನೂಲು ಬಿಚ್ಚದಂತೆ ಅಂಚಿಗೆ ಓವರ್‌ಲಾಕ್. ಸೈಡ್ ಹೊಲಿಗೆ ಸೇರುವ ಜಾಗ ದಪ್ಪ ಇರುತ್ತದೆ. ಅಲ್ಲಿ ಸುತ್ತಿಗೆಯಿಂದ ಬಡಿದು ಮೆತ್ತಗೆ ಮಾಡಿ, 16ನೇ ನಂಬರಿನ ಸೂಜಿ ಹಾಕಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸುತ್ತೇನೆ. ಇಸ್ತ್ರಿ ಹಾಕಿದ ಮೇಲೆ ಹೊಸ ಹೊಲಿಗೆ ಸುಲಭಕ್ಕೆ ಕಾಣುವುದಿಲ್ಲ. ಇಷ್ಟು ಚೆನ್ನಾಗಿ ಮಾಡಿದಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಮಷಿನ್ ಸೆಕೆಂಡ್ ಹ್ಯಾಂಡ್. ಮೋಟರ್ ಮಾತ್ರ ಹೊಸದು, ಪೆಡಲ್ ಒತ್ತಿದಾಗಷ್ಟೇ ತಿರುಗುವ ಸರ್ವೋ ಹಾಕಿಸಿದೆ. ಹಳೇ ಕ್ಲಚ್ ಮೋಟರ್ ಹೊಲಿಯದೇ ಇದ್ದಾಗಲೂ ಸುಮ್ನೆ ತಿರುಗುತ್ತಾ ಕರೆಂಟ್ ತಿನ್ನುತ್ತದೆ. ಜಿಪ್ಪು, ದಾರ ಎಲ್ಲ ಚಿಕ್ಕಪೇಟೆ, ಮಾಮೂಲ್‌ಪೇಟೆಯಲ್ಲಿ ಸಿಗುತ್ತವೆ.

ದುಡ್ಡಿನ ವಿಷಯ ಹೇಳಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರಿಂಗ್ ಕೂಡ ಇದೆ. ತರಬೇತಿ ಇದೆ, ಆಗ ದಿನಕ್ಕೆ 500 ರೂಪಾಯಿ ಭತ್ಯೆ ಇದೆ, ಉಪಕರಣಕ್ಕೆ 15,000 ರೂಪಾಯಿ ತನಕ ಇದೆ. ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ, ಬಡ್ಡಿ 5%. ಮನೆಗೆ ಒಬ್ಬರಿಗೆ ಮಾತ್ರ. ಸಣ್ಣ ಉದ್ಯಮದವರು ಮಾಡಿಸುವ ಉದ್ಯಮ್ ನೋಂದಣಿಗೂ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಅದನ್ನು ಮಾಡಿಸಿಕೊಡುತ್ತೇವೆ ಅಂತ ಸಾವಿರಗಟ್ಟಲೆ ಕೇಳುವವರಿದ್ದಾರೆ, ಕೊಡಬೇಡಿ.

ನನ್ನ ಜೊತೆ ಲೈನಿನಲ್ಲಿದ್ದ ಒಬ್ಬಳು ಗುಂಡಿ ಹಾಕುವ ತೂತು ಹೊಲಿಯುವ ಕಾಜಾ ಮಷಿನ್‌ನಲ್ಲಿ ಕೂರುತ್ತಿದ್ದಳು. ಆ ಮಷಿನ್ ದುಬಾರಿ, ಸಣ್ಣ ಟೈಲರ್‌ಗಳು ಇಟ್ಟುಕೊಳ್ಳುವುದಿಲ್ಲ, ಶರ್ಟುಗಳನ್ನು ಹೊರಗೆ ಕಳಿಸುತ್ತಾರೆ. ಅವಳು ಸಾಲ ಮಾಡಿ ಹಳೇ ಕಾಜಾ ಮಷಿನ್ ಕೊಂಡಳು. ಈಗ ಸಂಜೆ ಅಂಗಡಿಗಳಿಂದ ಶರ್ಟು ತಂದು ಬೆಳಿಗ್ಗೆ ವಾಪಸ್ ಕೊಡುತ್ತಾಳೆ.

ಕೆಂಗೇರಿ, ನಾಯಂಡಹಳ್ಳಿ ಕಡೆ ಇರುವ ಅಕ್ಕಂದಿರೇ, ಸೊಂಟದ ಪಟ್ಟಿ ಕೆಲಸ ಬರುವವರು ಇದ್ದರೆ ಬನ್ನಿ. ಕಾಲೇಜು ಶುರುವಾಗುವ ತಿಂಗಳಲ್ಲಿ ನನ್ನೊಬ್ಬಳ ಕೈಲಿ ಆಗುವುದಿಲ್ಲ. ಒಂದೊಂದು ಪೀಸಿಗೆ ಇಷ್ಟು ಅಂತ ಅವತ್ತವತ್ತೇ ಲೆಕ್ಕ ಹಾಕಿ ಕೊಡುತ್ತೇನೆ.